ಇಂಜಿನಿಯರಿಂಗ್, ಡಿಪ್ಲೊಮಾ ಮಕ್ಕಳಿಗೆ ಉದ್ಯಮಿ ಥರ ಯೋಚ್ನೆ ಮಾಡೋದನ್ನ ಕಲಿಸೋದು ಹೇಗೆ? ಒಂದು ಸೆಮಿಸ್ಟರ್‌ಗೆ ಆಗೋ ದಾರಿ

"ಈ ಸಲ ಆಂತ್ರಪ್ರೆನರ್‌ಶಿಪ್ ಪೇಪರ್ ನನಗೆ ಕೊಟ್ಟಿದಾರೆ, ಸ್ಲೈಡ್ ಇದ್ರೆ ಕಳ್ಸಿ" ಅಂತ ಪ್ರತಿ ಸೆಮಿಸ್ಟರ್ ಶುರುವಾದಾಗ್ಲೂ ಒಂದಷ್ಟು ಮೇಷ್ಟ್ರುಗಳು, ಮೇಡಮ್‌ಗಳು ಮೆಸೇಜ್ ಮಾಡ್ತಾರೆ. ಒಬ್ಬೊಬ್ರಿಗೇ ಉತ್ತರ ಬರೆಯೋ ಬದಲು ಎಲ್ಲರಿಗೂ ಸೇರಿಸಿ ಇಲ್ಲಿ ಬರೀತಿದೀನಿ. ಸ್ಲೈಡ್ ಕಳ್ಸಲ್ಲ, ಯಾಕಂದ್ರೆ ಸ್ಲೈಡ್ ಇಟ್ಕೊಂಡು ಈ ವಿಷಯ ಕಲಿಸೋಕೆ ಆಗಲ್ಲ ಅನ್ನೋದೇ ನನ್ನ ಅನುಭವ.

ವಿಟಿಯು 2018ರ ಸ್ಕೀಮಲ್ಲಿ, ಅಂದ್ರೆ ಆ ವರ್ಷದ ಸಿಲಬಸ್‌ನಲ್ಲಿ, ಸಿಎಸ್ ಮಕ್ಕಳಿಗೆ ಐದನೇ ಸೆಮ್‌ಗೆ ಮ್ಯಾನೇಜ್ಮೆಂಟ್, ಆಂತ್ರಪ್ರೆನರ್‌ಶಿಪ್ ಸೇರಿಸಿ ಒಂದು ಪೇಪರ್ ಇತ್ತು. ಆಮೇಲಿನ ಸ್ಕೀಮಲ್ಲಿ ಇನ್ನೋವೇಶನ್ ಅಂಡ್ ಡಿಸೈನ್ ಥಿಂಕಿಂಗ್ ಅಂತ ಮೊದಲ ವರ್ಷಕ್ಕೇ ಬಂತು. ಮಕ್ಕಳು ಉದ್ಯಮಿಯ ಹತ್ತು ಗುಣಗಳನ್ನ ಬಾಯಿಪಾಠ ಮಾಡ್ತಾರೆ, ಪರೀಕ್ಷೆ ಬರೀತಾರೆ, ಮುಗೀತು. ಫೈನಲ್ ಇಯರ್‌ನಲ್ಲಿ ಪ್ರಾಜೆಕ್ಟ್ ಮಾಡುವಾಗ "ಇದನ್ನ ಯಾರು ತಗೋತಾರೆ, ಯಾಕೆ ತಗೋತಾರೆ" ಅಂತ ಕೇಳಿದ್ರೆ ಮುಖ ಮುಖ ನೋಡ್ತಾರೆ. ಸರ್ಕ್ಯೂಟ್ ಚೆನ್ನಾಗೇ ಇರುತ್ತೆ, ಕೋಡ್ ಓಡುತ್ತೆ, ಆದ್ರೆ ಎಕ್ಸಿಬಿಷನ್ ಟೇಬಲ್ ಇಂದ ಆಚೆ ಅದಕ್ಕೆ ಜೀವ ಇರಲ್ಲ.

ಕಲಿಸ್ಬೇಕಾಗಿರೋದು ಇಷ್ಟು: ಕಾಲೇಜಿನ ಆಚೆ ಇರೋ ಒಬ್ಬ ಮನುಷ್ಯನ ತೊಂದರೆನ ಕಣ್ಣಾರೆ ನೋಡಿ, ಅಳತೆ ಮಾಡಿ, ಅದಕ್ಕೊಂದು ಪರಿಹಾರ ಕಟ್ಟಿ, ಅದೇ ಮನುಷ್ಯನ ಎದುರಿಗೆ ನಿಂತು "ಇದಕ್ಕೆ ಇಷ್ಟು ದುಡ್ಡು" ಅಂತ ಕೇಳೋದು. ಕೊಡಲ್ಲ ಅಂದ್ರೆ ಯಾಕೆ ಅಂತ ಅರ್ಥ ಮಾಡ್ಕೊಂಡು ವಾಪಸ್ ಬಂದು ಬದಲಾಯಿಸೋದು. ಇದನ್ನ ಒಂದು ಸಲ ಪೂರ್ತಿ ಮಾಡಿದ ಹುಡುಗ ಅಥವಾ ಹುಡುಗಿ ಮುಂದೆ ಕಂಪನಿ ಕಟ್ಟದೇ ಕೆಲಸಕ್ಕೇ ಸೇರಿದ್ರೂ ಬೇರೆ ಥರಾನೇ ಯೋಚ್ನೆ ಮಾಡ್ತಾರೆ. ಅಮೆರಿಕದ ಇಂಜಿನಿಯರಿಂಗ್ ಕಾಲೇಜುಗಳ ಕೀನ್ ಅನ್ನೋ ಒಕ್ಕೂಟ ಇದನ್ನೇ ಮೂರು ಮಾತಲ್ಲಿ ಹೇಳುತ್ತೆ: ಕುತೂಹಲ, ಬೇರೆ ಬೇರೆ ಕಡೆ ಸಿಕ್ಕಿದ್ದನ್ನ ಜೋಡಿಸೋದು, ಇನ್ನೊಬ್ಬರಿಗೆ ಬೆಲೆ ಬಾಳೋದನ್ನ ಮಾಡೋದು. ಕಂಪನಿ ರಿಜಿಸ್ಟ್ರೇಷನ್ನು, ಫಂಡಿಂಗು ಈ ಮೂರರಲ್ಲಿ ಎಲ್ಲೂ ಇಲ್ಲ ಅನ್ನೋದನ್ನ ಗಮನಿಸಿ.

ಶುರು ಮಾಡೋ ಮುಂಚೆ ಏನೇನು ಬೇಕು

ಹನ್ನೆರಡು ವಾರ, ವಾರಕ್ಕೆ ಎರಡು ಗಂಟೆ ಕ್ಲಾಸು ಮತ್ತೆ ಒಂದು ಮಧ್ಯಾಹ್ನ ಆಚೆ ಹೋಗೋಕೆ ಎಚ್‌ಒಡಿ ಪರ್ಮಿಷನ್. ಟೀಮಿಗೆ ನಾಲ್ಕು ಜನ, ಅಂದ್ರೆ 60 ಮಕ್ಕಳ ಕ್ಲಾಸಿಗೆ 15 ಟೀಮು. ಟೀಮಿಗೊಂದು ದಪ್ಪ ನೋಟ್‌ಬುಕ್, ಫೋನಲ್ಲಿ ಟೈಪ್ ಮಾಡಿದ್ದು ನಡೆಯಲ್ಲ. ಟೀಮಿಗೆ 2,000 ರೂಪಾಯಿ ಖರ್ಚಿನ ಮಿತಿ. ಕಾಲೇಜಿನ ಲೆಟರ್‌ಹೆಡ್‌ನಲ್ಲಿ ಒಂದು ಪತ್ರ, ಹೋದ ಕಡೆ ತೋರಿಸೋಕೆ. ಹೆಣ್ಣುಮಕ್ಕಳಿರೋ ಟೀಮು ಆಗ್ಲಿ, ಬರೀ ಗಂಡುಮಕ್ಕಳದ್ದಾಗ್ಲಿ, ಒಬ್ಬೊಬ್ಬರೇ ಹೋಗೋ ಹಾಗಿಲ್ಲ, ಹಗಲು ಹೊತ್ತಲ್ಲೇ ಹೋಗ್ಬೇಕು, ಎಲ್ಲಿದೀವಿ ಅಂತ ಗ್ರೂಪಿಗೆ ಹಾಕ್ಬೇಕು. ಇದಿಷ್ಟನ್ನ ಮೊದಲ ದಿನವೇ ಬರೆದು ಅಂಟಿಸಿ.

ಅಪ್ಪ ಅಮ್ಮಂದಿರಿಗೂ ಒಂದು ಮಾತು ಮುಟ್ಟಿಸಿ. "ಮೇಷ್ಟ್ರು ಕೆಲಸಕ್ಕೆ ಹೋಗ್ಬೇಡಿ, ಬಿಸಿನೆಸ್ ಮಾಡಿ ಅಂತಿದಾರೆ" ಅಂತ ಮನೇಲಿ ಗಾಬರಿ ಆಗುತ್ತೆ. ಸಾಲ ಮಾಡಿ ಓದಿಸ್ತಿರೋ ಮನೆಗೆ ಆ ಭಯ ನಿಜವಾದದ್ದು. ಪ್ಲೇಸ್‌ಮೆಂಟ್ ಇಂಟರ್‌ವ್ಯೂಲೂ ಇದು ಉಪಯೋಗಕ್ಕೆ ಬರುತ್ತೆ ಅಂತ ಬಿಡಿಸಿ ಹೇಳಿ.

1. ಐಡಿಯಾ ಕೇಳ್ಬೇಡಿ, ತೊಂದರೆ ಕೇಳಿ (ವಾರ 1 ಮತ್ತು 2)

ಮೊದಲ ಕ್ಲಾಸಲ್ಲೇ "ನಿಮ್ಮ ಸ್ಟಾರ್ಟಪ್ ಐಡಿಯಾ ಏನು" ಅಂತ ಕೇಳೋದು ಬಹಳ ಜನ ಮಾಡೋ ತಪ್ಪು. ಕೇಳಿದ್ರೆ ಏನ್ ಬರುತ್ತೆ ಅಂತ ನಿಮಗೂ ಗೊತ್ತು: ಕಾಲೇಜ್ ಕ್ಯಾಂಟೀನ್ ಆ್ಯಪ್, ಸ್ಮಾರ್ಟ್ ಡಸ್ಟ್‌ಬಿನ್, ಅಂಧರಿಗೆ ಸೆನ್ಸರ್ ಇರೋ ಕೋಲು. ಯೂಟ್ಯೂಬಲ್ಲಿ ನೋಡಿರೋದು ಅವು. ಇಡೀ ಟೀಮಲ್ಲಿ ಒಬ್ಬರೂ ಕಣ್ಣು ಕಾಣದವರ ಜೊತೆ ಹತ್ತು ನಿಮಿಷ ಕೂತು ಮಾತಾಡಿರಲ್ಲ.

ಅದರ ಬದಲು ಪ್ರತಿಯೊಬ್ಬರೂ ಎರಡು ವಾರದಲ್ಲಿ 30 ತೊಂದರೆ ಬರ್ಕೊಂಡು ಬರ್ಬೇಕು. ಒಂದೊಂದಕ್ಕೂ ಮೂರು ವಿಷಯ ಇರ್ಲೇಬೇಕು: ಯಾರಿಗೆ, ಎಲ್ಲಿ, ಎಷ್ಟು. "ರೈತರಿಗೆ ನೀರಿನ ಸಮಸ್ಯೆ" ಅಂತ ಬರೆದ್ರೆ ವಾಪಸ್ ಕೊಡಿ. "ನಮ್ಮ ದೊಡ್ಡಪ್ಪ ರಾತ್ರಿ ತ್ರೀ ಫೇಸ್ ಕರೆಂಟ್ ಬಂದಾಗ ಎದ್ದು ಒಂದೂವರೆ ಕಿಲೋಮೀಟರ್ ನಡ್ಕೊಂಡು ಹೋಗಿ ಮೋಟ್ರು ಹಾಕ್ತಾರೆ, ವಾರಕ್ಕೆ ನಾಲ್ಕು ದಿನ" ಅಂತ ಬರೆದ್ರೆ ಅದು ತೊಂದರೆ. ಹಳ್ಳಿಯಿಂದ ಬಂದಿರೋ ಮಕ್ಕಳು, ಅಪ್ಪ ಗ್ಯಾರೇಜ್ ಇಟ್ಟಿರೋ ಮಕ್ಕಳು, ಅಮ್ಮ ಟೈಲರಿಂಗ್ ಮಾಡೋ ಮಕ್ಕಳು ಇಲ್ಲಿ ಎಲ್ಲರಿಗಿಂತ ಮುಂದೆ ಇರ್ತಾರೆ, ಇಂಗ್ಲಿಷಲ್ಲಿ ಹಿಂದೆ ಬಿದ್ದು ಕೊನೇ ಬೆಂಚಲ್ಲಿ ಕೂರ್ತಿದ್ದೋರು ಮುಂದೆ ಬಂದು ಮಾತಾಡ್ತಾರೆ. ಅವರಿಗೆ ಕನ್ನಡದಲ್ಲೇ ಬರೆಯೋಕೆ, ಮಾತಾಡೋಕೆ ಬಿಡಿ, ದಯವಿಟ್ಟು.

2. ಬಾಯಿ ಮುಚ್ಕೊಂಡು ಕೂತು ನೋಡೋದು (ವಾರ 3)

ಟೀಮು ಒಂದು ತೊಂದರೆ ಆರಿಸ್ಕೊಳ್ತು ಅನ್ನಿ. ಪ್ರಶ್ನೆ ಕೇಳೋಕೆ ಮುಂಚೆ ಆ ಜಾಗದಲ್ಲಿ ಮೂರು ಗಂಟೆ ಸುಮ್ನೆ ಕೂತು ನೋಡ್ಬೇಕು, ನೋಡಿದ್ದನ್ನ ಟೈಮ್ ಹಾಕಿ ಬರೀಬೇಕು. ಇದು ಬಹಳ ಸಣ್ಣ ಕೆಲಸ ಅಂತ ಅನ್ಸುತ್ತೆ, ಆದ್ರೆ ಇಡೀ ಸೆಮಿಸ್ಟರ್‌ನಲ್ಲಿ ಅತಿ ಹೆಚ್ಚು ಕಲಿಯೋದು ಇಲ್ಲೇ.

ಒಂದು ಉದಾಹರಣೆ ಕೊಡ್ತೀನಿ, ಮುಂದಿನ ಹಂತಗಳಿಗೂ ಇದನ್ನೇ ಬಳಸ್ತೀನಿ. ನಮ್ಮ ಒಂದು ಟೀಮು ಹುಬ್ಬಳ್ಳಿಯಲ್ಲಿ ಖಡಕ್ ರೊಟ್ಟಿ ಮಾಡೋ ಒಂದು ಮನೆಗೆ ಹೋಯ್ತು. ಇವರ ತಲೇಲಿ ಇದ್ದಿದ್ದು ರೊಟ್ಟಿ ಬಡಿಯೋ ಮಷಿನ್. ಮೆಕ್ಯಾನಿಕಲ್ ಹುಡುಗ್ರು, ಡ್ರಾಯಿಂಗ್ ಕೂಡ ರೆಡಿ ಮಾಡ್ಕೊಂಡಿದ್ರು. ಬೆಳಿಗ್ಗೆ ಎಂಟರಿಂದ ಹನ್ನೊಂದರ ತನಕ ಕೂತು ನೋಡಿದ್ರೆ ಬಡಿಯೋ ಅಕ್ಕಂದಿರ ಕೈ ಎಲ್ಲೂ ನಿಲ್ತಾನೇ ಇಲ್ಲ, ಅಲ್ಲಿ ತೊಂದರೇನೇ ಇಲ್ಲ. ಮೂಲೇಲಿ ಕೂತು ಪ್ಯಾಕ್ ಮಾಡ್ತಿದ್ದ ಅಕ್ಕ ಪ್ರತಿ ರೊಟ್ಟಿ ಅಂಚನ್ನೂ ಹೆಬ್ಬೆರಳಲ್ಲಿ ಒತ್ತಿ ಕಿವಿ ಹತ್ರ ಹಿಡೀತಿದ್ರು. ಟಕ್ ಅಂತ ಸದ್ದು ಬಂದ್ರೆ ಕವರಿಗೆ, ಸದ್ದು ಬರ್ದೇ ಅಂಚು ಬಾಗಿದ್ರೆ ಪಕ್ಕದ ಬುಟ್ಟಿಗೆ. ಅದು ಜುಲೈ ತಿಂಗಳು, ಹೊರಗೆ ಜಿಟಿಜಿಟಿ ಮಳೆ. ಹನ್ನೊಂದು ಗಂಟೆ ಹೊತ್ತಿಗೆ ಬುಟ್ಟಿ ತುಂಬಿತ್ತು. "ಮಳಿಗಾಲದಾಗ ಹಿಂಗ ನೋಡ್ ತಮ್ಮಾ, ಹವಾ ಹಿಡದು ಮೆತ್ತಗಾಗ್ತಾವು, ದನಕ್ಕ ಹಾಕೂದ" ಅಂದ್ರು. ತೊಂದರೆ ಇದ್ದಿದ್ದು ಬಡಿಯೋದ್ರಲ್ಲಿ ಅಲ್ಲ, ಒಣಗಿಸಿ ಇಡೋದ್ರಲ್ಲಿ. ಡ್ರಾಯಿಂಗ್ ಅವತ್ತೇ ಪಕ್ಕಕ್ಕೆ ಹೋಯ್ತು.

ಎಚ್ಚರಿಕೆ: ಹುಡುಗರು ನೋಡೋಕೆ ಹೋದ ಕಡೆ ಸಹಾಯ ಮಾಡೋಕೆ, ಸಲಹೆ ಕೊಡೋಕೆ ಶುರು ಮಾಡ್ತಾರೆ. ಅವತ್ತು ಬೇಡ. ಫೋಟೋ ತೆಗೆಯೋ ಮುಂಚೆ ಕೇಳ್ಬೇಕು, ಬೇಡ ಅಂದ್ರೆ ಬೇಡ.

3. ಹದಿನೈದು ಜನರ ಹತ್ರ ಮಾತು (ವಾರ 4 ಮತ್ತು 5)

ಇದಕ್ಕೆ ಕಸ್ಟಮರ್ ಡಿಸ್ಕವರಿ ಅಂತಾರೆ, ಅಂದ್ರೆ ನಮ್ಮ ಗಿರಾಕಿ ನಿಜವಾಗ್ಲೂ ಯಾರು, ಅವರಿಗೆ ಏನ್ ನೋವಿದೆ ಅಂತ ಹುಡುಕೋದು. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ 2011ರಲ್ಲಿ ಐ-ಕಾರ್ಪ್ಸ್ ಅಂತ ಒಂದು ತರಬೇತಿ ಶುರು ಮಾಡ್ತು, ಅದರಲ್ಲಿ ವಿಜ್ಞಾನಿಗಳ ಟೀಮುಗಳೂ ಲ್ಯಾಬ್ ಬಿಟ್ಟು ಆಚೆ ಬಂದು ಸುಮಾರು ನೂರು ಜನರನ್ನ ಮಾತಾಡಿಸ್ಬೇಕು. ನಮ್ಮ ಮಕ್ಕಳಿಗೆ ಬೇರೆ ಪೇಪರ್‌ಗಳೂ ಇರೋದ್ರಿಂದ ಹದಿನೈದು ಸಾಕು. ಆದ್ರೆ ಹದಿನೈದೂ ಎದುರಾ ಎದುರು ಕೂತು ಆಗಿರ್ಬೇಕು. ಗೂಗಲ್ ಫಾರ್ಮ್ ಕಳಿಸಿ ಫ್ರೆಂಡ್ಸ್ ಹತ್ರ ತುಂಬಿಸ್ಕೊಂಡು "85 ಪರ್ಸೆಂಟ್ ಜನ ಹೌದು ಅಂದ್ರು" ಅಂತ ಪೈ ಚಾರ್ಟ್ ತಂದ್ರೆ ಸೊನ್ನೆ ಮಾರ್ಕ್ಸ್ ಅಂತ ಮೊದ್ಲೇ ಹೇಳಿಬಿಡಿ.

ಪ್ರಶ್ನೆ ಕೇಳೋ ರೀತಿ ಕಲಿಸೋದೇ ದೊಡ್ಡ ಕೆಲಸ. "ಹಿಂಗೊಂದು ಮಷಿನ್ ಮಾಡಿದ್ರೆ ತಗೋತೀರಾ?" ಅಂತ ಕೇಳಿದ್ರೆ ನಮ್ಮ ಜನ ಹೌದು ಅಂತಾನೇ ಅಂತಾರೆ. ಓದೋ ಮಕ್ಕಳು ಮನೆ ಬಾಗಿಲಿಗೆ ಬಂದು ಕೇಳ್ತಿದಾರೆ, ಮನಸ್ಸು ನೋಯಿಸೋದು ಬೇಡ ಅಂತ. ಟೀ ಕೂಡ ಕೊಡ್ತಾರೆ. ಆ ಹೌದು ನಂಬ್ಕೊಂಡು ಕಟ್ಟಿದ್ರೆ ಕೆಟ್ಟಿರಿ. ಮುಂದಿನದ್ದನ್ನ ಕೇಳ್ಬೇಡಿ, ಆಗಿಹೋಗಿದ್ದನ್ನ ಕೇಳಿ: ಹೋದ ವಾರ ಎಷ್ಟು ಹಾಳಾಯ್ತು? ಹಾಳಾದಾಗ ಏನ್ ಮಾಡಿದ್ರಿ? ತಪ್ಪಿಸೋಕೆ ಇಲ್ಲೀವರೆಗೂ ಏನಾದ್ರೂ ದುಡ್ಡು ಖರ್ಚು ಮಾಡಿದೀರಾ? ಇದನ್ನ ಯಾರನ್ನ ಕೇಳಿ ತೀರ್ಮಾನ ಮಾಡ್ತೀರಿ? ಒಂದು ತೊಂದರೆಗೆ ಅವರು ಇಲ್ಲೀವರೆಗೂ ಒಂದು ರೂಪಾಯಿನೂ, ಒಂದು ಗಂಟೆನೂ ಖರ್ಚು ಮಾಡಿಲ್ಲ ಅಂದ್ರೆ ಅದು ಅವರಿಗೆ ಅಷ್ಟು ದೊಡ್ಡ ತೊಂದರೆ ಅಲ್ಲ, ಇನ್ನೊಂದು ಹುಡುಕಿ.

ಬಳಸೋರು ಬೇರೆ, ದುಡ್ಡು ಕೊಡೋರು ಬೇರೆ ಇರಬಹುದು, ಅದನ್ನೂ ಬರ್ಕೊಳ್ಳೋಕೆ ಹೇಳಿ. ಪ್ಯಾಕ್ ಮಾಡೋ ಅಕ್ಕನಿಗೆ ಕಷ್ಟ ಗೊತ್ತು, ಆದ್ರೆ ಗಲ್ಲಾಪೆಟ್ಟಿಗೆ ಕೀಲಿ ಇರೋದು ಮನೆ ಯಜಮಾನಿ ಹತ್ರ.

4. ಎಷ್ಟು ಕಳ್ಕೊಂಡ್ರೆ ಪರವಾಗಿಲ್ಲ? (ವಾರ 6)

ಇಲ್ಲಿ ಒಂದು ಹೊಸ ಪದ. ಸರಸ್ ಸರಸ್ವತಿ ಅನ್ನೋ ಭಾರತ ಮೂಲದ ಪ್ರೊಫೆಸರ್ ಅನುಭವಸ್ಥ ಉದ್ಯಮಿಗಳು ಹೇಗೆ ತೀರ್ಮಾನ ಮಾಡ್ತಾರೆ ಅಂತ ಅಧ್ಯಯನ ಮಾಡಿ 2001ರಲ್ಲಿ ಎಫೆಕ್ಚುಯೇಷನ್ ಅನ್ನೋ ವಿಚಾರ ಮುಂದಿಟ್ರು. ಸರಳವಾಗಿ ಹೇಳ್ಬೇಕಂದ್ರೆ, ದೊಡ್ಡ ಗುರಿ ಇಟ್ಕೊಂಡು ದುಡ್ಡು ಹೊಂಚೋ ಬದಲು ಕೈಯಲ್ಲಿ ಏನಿದೆ, ಯಾರ ಪರಿಚಯ ಇದೆ ಅಂತ ನೋಡಿ ಅಲ್ಲಿಂದ ಶುರು ಮಾಡೋದು. ಎಷ್ಟು ಲಾಭ ಬರುತ್ತೆ ಅಂತ ಲೆಕ್ಕ ಹಾಕೋ ಮುಂಚೆ ಎಷ್ಟು ಹೋದ್ರೆ ತಡ್ಕೋಬಹುದು ಅಂತ ತೀರ್ಮಾನ ಮಾಡೋದು. ನಮ್ಮ ಮಧ್ಯಮ ವರ್ಗದ, ಬಡ ಮನೆ ಮಕ್ಕಳಿಗೆ ಇದು ತುಂಬಾ ಒಗ್ಗುತ್ತೆ. "ಬಿಸಿನೆಸ್ ಅಂದ್ರೆ ಮನೆ ಅಡ ಇಟ್ಟು ಜೂಜಾಡೋದು" ಅನ್ನೋ ಭಯ ಇಲ್ಲೇ ಇಳಿಯುತ್ತೆ.

ಪ್ರತಿ ಟೀಮೂ ಒಂದು ಹಾಳೆ ಬರೀಲಿ: ನಮಗೆ ಬರೋ ಕೆಲಸ, ನಮಗೆ ಗೊತ್ತಿರೋ ಜನ, ಕಳ್ಕೋಬಹುದಾದ ದುಡ್ಡು, ಕಳ್ಕೋಬಹುದಾದ ಸಮಯ. ಅಷ್ಟೇ, ಮುಂದಕ್ಕೆ ಹೋಗಿ.

5. ಎಸೆಯೋಕೆ ಮನಸ್ಸು ಬರೋ ಅಂಥ ಮಾದರಿ (ವಾರ 7 ಮತ್ತು 8)

ಎಂವಿಪಿ ಅನ್ನೋ ಪದ ಕೇಳಿರ್ತೀರಿ. ಅಂದ್ರೆ ಗಿರಾಕಿ ಕೈಯಲ್ಲಿ ಕೊಟ್ಟು ಏನಾದ್ರೂ ಕಲಿಯೋಕೆ ಸಾಧ್ಯ ಆಗೋವಷ್ಟು ಮಾತ್ರ ಕಟ್ಟಿರೋ ಕಡಿಮೆ ಖರ್ಚಿನ ಮಾದರಿ. ರೊಟ್ಟಿ ಟೀಮು ಮೊದಲು ಮಾಡಿದ್ದು ಥರ್ಮಾಕೋಲ್ ಡಬ್ಬಿ, ಒಳಗೆ ಎರಡು 100 ವ್ಯಾಟಿನ ಹಳೇ ಬಲ್ಬು, ಹಳೇ ಕಂಪ್ಯೂಟರಿನ ಫ್ಯಾನು, ತೇವಾಂಶ ತೋರಿಸೋ ಒಂದು ಮೀಟರು, 600 ರೂಪಾಯಿ ಒಳಗೆ ಮುಗೀತು. ಬಲ್ಬಿಂದ ಥರ್ಮಾಕೋಲ್ ದೂರ ಇರ್ಬೇಕು, ಕರಗುತ್ತೆ, ಬೆಂಕಿ ಅಪಾಯ, ಲ್ಯಾಬಲ್ಲಿ ಯಾರಾದ್ರೂ ಎದುರಿಗೆ ಇದ್ದಾಗ ಮಾತ್ರ ಹಚ್ಚಬೇಕು ಅಂತ ಕಟ್ಟುನಿಟ್ಟು ಮಾಡಿದ್ವಿ. ಆ ಡಬ್ಬಿ ಇಂದ ಒಂದೇ ಒಂದು ಉತ್ತರ ಬೇಕಿತ್ತು: ಬೆಚ್ಚಗಿನ ಒಣ ಗಾಳಿಯಲ್ಲಿಟ್ರೆ ಮೆತ್ತಗಾದ ರೊಟ್ಟಿ ಮತ್ತೆ ಟಕ್ ಅನ್ನುತ್ತಾ? ಸುಮಾರು ಅರ್ಧದಷ್ಟು ಅಂದ್ವು. ಉತ್ತರ ಸಿಕ್ತು.

ಇಲ್ಲಿ ಬ್ರಾಂಚ್ ನೋಡ್ಕೊಂಡು ಎಚ್ಚರ ವಹಿಸಿ. ಸಿಎಸ್ ಮಕ್ಕಳು ತಕ್ಷಣ ಆ್ಯಪ್ ಬರೆಯೋಕೆ ಕೂರ್ತಾರೆ, ತಡೀರಿ. ಎರಡು ವಾರ ಅದೇ ಸೇವೆಯನ್ನ ಒಂದು ವಾಟ್ಸಾಪ್ ಗ್ರೂಪು, ಒಂದು ಎಕ್ಸೆಲ್ ಶೀಟ್ ಇಟ್ಕೊಂಡು ಕೈಯಾರೆ ನಡೆಸ್ಲಿ. ಗ್ರೂಪಲ್ಲೇ ಯಾರೂ ಮಾತಾಡ್ಲಿಲ್ಲ ಅಂದ್ರೆ ಆ್ಯಪ್‌ನೂ ಯಾರೂ ತೆಗೆಯಲ್ಲ. ಇ ಅಂಡ್ ಸಿ (ಎಲೆಕ್ಟ್ರಾನಿಕ್ಸ್) ಮಕ್ಕಳು ಎಲ್ಲದಕ್ಕೂ ಐಒಟಿ, ಅಂದ್ರೆ ಇಂಟರ್ನೆಟ್‌ಗೆ ಜೋಡಿಸಿದ ಸೆನ್ಸರ್‌ಗಳನ್ನ ಸೇರಿಸ್ತಾರೆ, "ಈ ಸೆನ್ಸರ್ ತೆಗೆದ್ರೆ ಗಿರಾಕಿ ಬೈತಾರಾ" ಅಂತ ಕೇಳಿ. ಸಿವಿಲ್ ಮಕ್ಕಳಿಗೆ ವಸ್ತುಗಿಂತ ಸೇವೆ ಹೊಂದುತ್ತೆ: ಮನೆ ಕಟ್ಟಿಸೋರಿಗೆ ಮರಳು, ಸಿಮೆಂಟು, ಕಬ್ಬಿಣದ ಲೆಕ್ಕ ಹಾಕಿ ಕೊಡೋದು, ಕಟ್ಟಡದ ಕೆಲಸ ನಡೆಯೋ ಕಡೆ ವಾರಕ್ಕೊಮ್ಮೆ ಹೋಗಿ ನೋಡಿ ರಿಪೋರ್ಟ್ ಕೊಡೋದು.

ಇನ್ನೊಂದು ದೊಡ್ಡ ಅಪಾಯ, ರೆಡಿಮೇಡ್ ಪ್ರಾಜೆಕ್ಟ್ ಮಾರೋ ಅಂಗಡಿಗಳು. ಇದನ್ನ ಬೈದು ನಿಲ್ಲಿಸೋಕೆ ಆಗಲ್ಲ. ವಾರವಾರ ನೋಟ್‌ಬುಕ್ ನೋಡಿ ಸಹಿ ಮಾಡಿದ್ರೆ ತಾನಾಗೇ ನಿಲ್ಲುತ್ತೆ, ಯಾಕಂದ್ರೆ ಹದಿನೈದು ಜನರ ಜೊತೆ ಆಡಿದ ಮಾತು ಅಂಗಡೀಲಿ ಸಿಗಲ್ಲ.

6. ಬೆಲೆ ಲೆಕ್ಕ, ಇದಕ್ಕೆ ಪೂರ್ತಿ ಒಂದು ವಾರ ಕೊಡಿ (ವಾರ 9)

ನಮ್ಮ ಮಕ್ಕಳಿಗೆ ಫೋರಿಯರ್ ಸೀರೀಸ್ ಬರುತ್ತೆ, ಒಂದು ವಸ್ತುವಿಗೆ ಬೆಲೆ ಕಟ್ಟೋಕೆ ಬರಲ್ಲ. ಬಲ್ಬಿನ ಬದಲು ಹೀಟರ್ ಹಾಕಿ, ಮಾರೋಕೆ ಅಂತ ಕಟ್ಟೋ ರೊಟ್ಟಿ ಡಬ್ಬಿಗೆ ಟೀಮು ಮೊದಲು ಬರ್ಕೊಂಡು ಬಂದಿದ್ದು: ಸಾಮಾನು 3,400, ಮಾರೋ ಬೆಲೆ 4,000, ಲಾಭ 600. ಬೋರ್ಡ್ ಮೇಲೆ ಒಂದೊಂದೇ ಸೇರಿಸ್ತಾ ಹೋದ್ವಿ. ಕಟ್ಟೋಕೆ ಎರಡು ದಿನದ ಕೂಲಿ 1,400. ಶೀಟ್ ಕಟಿಂಗ್, ವೆಲ್ಡಿಂಗ್, ಪೇಂಟು 900. ಟೆಸ್ಟಲ್ಲಿ ಫೇಲಾಗೋ ಪೀಸುಗಳ ಬಾಬ್ತು 300. ಪ್ಯಾಕಿಂಗ್, ಸಾಗಾಟ 400. ಒಂದು ವರ್ಷದ ವಾರಂಟಿಯಲ್ಲಿ ಒಂದು ಸಲ ಹೋಗಿ ರಿಪೇರಿ ಮಾಡೋಕೆ 500. ಜಾಗದ ಬಾಡಿಗೆ, ಕರೆಂಟ್ ಬಿಲ್ ಪಾಲು 600. ಒಟ್ಟು 7,500. ಅದರ ಮೇಲೆ ಶೇ. 20 ಲಾಭ ಇಟ್ರೆ 9,000. ನಮ್ಮ ಕೂಲಿನೇ ನಾವು ಲೆಕ್ಕಕ್ಕೆ ಹಿಡಿದಿರಲಿಲ್ಲ ಅಂತ ಒಬ್ಬಳು ಹುಡುಗಿ ತಾನಾಗೇ ಹೇಳಿದ್ಲು.

ಆಮೇಲೆ ಗಿರಾಕಿ ಕಡೆಯಿಂದ ಲೆಕ್ಕ. ಮಳೆಗಾಲದಲ್ಲಿ ದಿನಕ್ಕೆ ಸುಮಾರು 40 ರೊಟ್ಟಿ ಹಾಳಾಗ್ತಿತ್ತು, ಡಬ್ಬಿ ಇಟ್ರೆ 20 ಉಳಿಯುತ್ತೆ, ಒಂದಕ್ಕೆ 6 ರೂಪಾಯಿ ಅಂದ್ರೆ ದಿನಕ್ಕೆ 120. 400 ವ್ಯಾಟ್ ಹೀಟರ್ ಆರು ಗಂಟೆ ಓಡಿದ್ರೆ 2.4 ಯೂನಿಟ್, ಯೂನಿಟ್‌ಗೆ 7 ರೂಪಾಯಿ ಹಿಡಿದ್ರೆ ಹತ್ತಿರ ಹತ್ತಿರ 17. ಉಳಿಯೋದು 103. ಹಾಕಿದ 9,000 ವಾಪಸ್ ಬರೋಕೆ 87-88 ದಿನ ಬೇಕು, ಅಂದ್ರೆ ಹೆಚ್ಚೂಕಮ್ಮಿ ಇಡೀ ಒಂದು ಮಳೆಗಾಲ. ಇದಕ್ಕೆ ಪೇಬ್ಯಾಕ್ ಪೀರಿಯಡ್ ಅಂತಾರೆ, ಹಾಕಿದ ದುಡ್ಡು ತಿರುಗಿ ಬರೋಕೆ ಹಿಡಿಯೋ ಕಾಲ. ಈ ಎರಡು ಲೆಕ್ಕ ಅಕ್ಕಪಕ್ಕ ಇಟ್ಟು ನೋಡಿದಾಗ ಮಕ್ಕಳ ಪ್ರಶ್ನೆಗಳೇ ಬದಲಾಗುತ್ತೆ. "ಹೀಟರ್ ಸಣ್ಣದು ಹಾಕಿದ್ರೆ?", "ಒಲೆ ಪಕ್ಕದ ಬಿಸೀನೇ ಬಳಸಿದ್ರೆ?" ಅಂತ ಶುರುವಾಯ್ತು. ಥರ್ಮೋಡೈನಾಮಿಕ್ಸ್ ಪಾಠ ಅವತ್ತು ಅವರಿಗೆ ಬೇಕಾಗಿ ಬಂತು.

ಜಿಎಸ್‌ಟಿ ಬಗ್ಗೆ ಮಕ್ಕಳು ಕೇಳೇ ಕೇಳ್ತಾರೆ. ಕರ್ನಾಟಕದಲ್ಲಿ ರಾಜ್ಯದೊಳಗೆ ಬರೀ ವಸ್ತು ಮಾರೋರಿಗೆ ಸಾಮಾನ್ಯವಾಗಿ ವರ್ಷದ ವಹಿವಾಟು 40 ಲಕ್ಷ, ಸೇವೆಗೆ 20 ಲಕ್ಷ ದಾಟೋ ತನಕ ರಿಜಿಸ್ಟ್ರೇಷನ್ ಕಡ್ಡಾಯ ಅಲ್ಲ. ಆದ್ರೆ ನಾವು ಕೊಳ್ಳೋ ಸಾಮಾನಿನ ಮೇಲೆ ಕಟ್ಟಿದ ಜಿಎಸ್‌ಟಿ ನಮ್ಮ ಖರ್ಚೇ ಅಂತ ತಿಳಿಸಿ.

7. ಹೋಗಿ ದುಡ್ಡು ಕೇಳೋದು (ವಾರ 10)

ಇದನ್ನ ಬಿಟ್ರೆ ಮಿಕ್ಕಿದ್ದೆಲ್ಲ ವ್ಯರ್ಥ. ಮಾದರಿ ತೋರಿಸಿ, ಬೆಲೆ ಹೇಳಿ, ಅಡ್ವಾನ್ಸ್ ಕೇಳ್ಬೇಕು. 100 ರೂಪಾಯಿ ಆದ್ರೂ ಸರಿ. ಬಾಯಿಮಾತಿನ ಹೌದು ಬೇರೆ, ಜೇಬಿಂದ ತೆಗೆದು ಕೊಟ್ಟ ನೂರು ರೂಪಾಯಿ ಬೇರೆ. ಮಕ್ಕಳಿಗೆ ಕೈ ನಡುಗುತ್ತೆ, ನಾಚಿಕೆ ಆಗುತ್ತೆ. ದುಡ್ಡು ಕೇಳೋದು ತಪ್ಪು, ಕೈ ಚಾಚೋದು ಕೀಳು ಅಂತ ಮನೇಲಿ ಕಲಿಸಿರ್ತಾರೆ. ಕ್ಲಾಸಲ್ಲಿ ಇಬ್ಬಿಬ್ಬರು ಎದುರಾ ಎದುರು ನಿಂತು "ಇದರ ಬೆಲೆ 9,000 ರೂಪಾಯಿ" ಅಂತ ಹೇಳಿ ಸುಮ್ಮನೆ ನಿಲ್ಲೋದನ್ನ ಪ್ರಾಕ್ಟೀಸ್ ಮಾಡಿಸಿ. ಬೆಲೆ ಹೇಳಿದ ತಕ್ಷಣ "ಕಮ್ಮಿ ಮಾಡ್ಕೊಡ್ತೀವಿ ಅಕ್ಕಾ" ಅಂತ ತಾವೇ ಇಳಿಯೋದು ಎಲ್ಲ ಟೀಮೂ ಮಾಡೋ ತಪ್ಪು.

ರೊಟ್ಟಿ ಮನೆ ಯಜಮಾನಿ ಏನಂದ್ರು ಗೊತ್ತಾ? "ಒಮ್ಮೆಗೇ ಒಂಬತ್ತ ಸಾವ್ರ ಎಲ್ಲಿಂದ ತರ್ಲಿ ತಮ್ಮಾ? ತಿಂಗಳಾ ಸಾವ್ರ ಅಂದ್ರ ಕೊಡ್ತೀನಿ." ಮಕ್ಕಳು ಬಾಡಿದ ಮುಖ ಮಾಡ್ಕೊಂಡು ಬಂದು "ಬೇಡ ಅಂದ್ರು ಸರ್" ಅಂದ್ರು. ಅದು ಬೇಡ ಅಂತ ಅಲ್ಲ, ಮಳೆಗಾಲಕ್ಕೆ ಬಾಡಿಗೆಗೆ ಕೊಡಿ ಅಂತ ಅರ್ಥ. ಇಲ್ಲ ಅನ್ನೋ ಮಾತಿನ ಒಳಗೆ ಏನಿದೆ ಅಂತ ಕೇಳಿಸ್ಕೊಳ್ಳೋದನ್ನ ಕಲಿಸೋಕೆ ಇದಕ್ಕಿಂತ ಒಳ್ಳೇ ಪಾಠ ನಂಗೆ ಸಿಕ್ಕಿಲ್ಲ.

ನಿರಾಕರಣೆ ಬಗ್ಗೆ ಹೇಳುವಾಗ ಬೇರೆ ದೇಶದ ಕಥೆ ಬೇಡ, ನಮ್ಮ ಬೆಳಗಾವಿದೇ ಇದೆ. ಲಕ್ಷ್ಮಣರಾವ್ ಕಿರ್ಲೋಸ್ಕರ್ ಅಲ್ಲಿ 1888ರಲ್ಲಿ ಸೈಕಲ್ ಅಂಗಡಿ ಇಟ್ಟೋರು, ಆಮೇಲೆ ಕಬ್ಬಿಣದ ನೇಗಿಲು ಮಾಡಿದ್ರು. ಕಬ್ಬಿಣ ತಾಗಿದ್ರೆ ಭೂಮಿಗೆ ವಿಷ ಏರುತ್ತೆ ಅಂತ ಹೆದರಿ ರೈತರು ಮೊದಮೊದಲು ಮುಟ್ಟಲೇ ಇಲ್ಲ ಅಂತಾರೆ. 1910ರಲ್ಲಿ ಕಿರ್ಲೋಸ್ಕರವಾಡಿ ಕಾರ್ಖಾನೆ ಎದ್ದಿದ್ದು ಇದೆಲ್ಲ ಆದ ಮೇಲೆ.

ಎಚ್ಚರಿಕೆ: ಸೋದರಮಾವನಿಗೆ ಮಾರಿದ್ದು ಲೆಕ್ಕಕ್ಕಿಲ್ಲ. ತಗೊಂಡ ಅಡ್ವಾನ್ಸಿಗೆ ರಸೀದಿ ಕೊಡ್ಬೇಕು, ಹೇಳಿದ ದಿನಕ್ಕೆ ಕೊಡೋಕಾಗ್ಲಿಲ್ಲ ಅಂದ್ರೆ ದುಡ್ಡು ವಾಪಸ್ ಕೊಟ್ಟು ಕ್ಷಮೆ ಕೇಳ್ಬೇಕು.

8. ಮಾರ್ಕ್ಸ್ ಹೇಗೆ ಕೊಡೋದು (ವಾರ 11)

ಮಾದರಿ ಚೆಂದ ಇದೆ, ಪಿಪಿಟಿ ಚೆಂದ ಇದೆ ಅಂತ ಮಾರ್ಕ್ಸ್ ಕೊಟ್ರೆ ಮುಂದಿನ ವರ್ಷ ಎಲ್ಲರೂ ಪಿಪಿಟಿ ಮೇಲೇ ಕೂರ್ತಾರೆ. ನಾನು 50ಕ್ಕೆ ಹಿಂಗೆ ಹಂಚ್ತೀನಿ: ನೋಟ್‌ಬುಕ್‌ಗೆ 15, ಮಾತುಕತೆಗೆ 10, ಬೆಲೆ ಲೆಕ್ಕಕ್ಕೆ 10, ಗೊತ್ತಾದ ಸತ್ಯದ ಮೇಲೆ ತಮ್ಮ ಯೋಚ್ನೆ ಬದಲಾಯಿಸ್ಕೊಂಡಿದ್ದಕ್ಕೆ 10, ಮಾದರಿಗೆ 5. ಯಾರೂ ತಗೊಳ್ಳಲಿಲ್ಲ ಅಂತ ಪ್ರಾಮಾಣಿಕವಾಗಿ ಬರೆದು, ಯಾಕೆ ಅಂತ ವಿವರಿಸಿದ ಟೀಮಿಗೆ ಫುಲ್ ಮಾರ್ಕ್ಸ್ ಸಿಗೋ ಹಾಗಿರ್ಬೇಕು. ಇದೊಂದು ಇಲ್ಲ ಅಂದ್ರೆ ಸುಳ್ಳು ಬರೆಯೋದನ್ನ ನಾವೇ ಕಲಿಸಿದ ಹಾಗಾಗುತ್ತೆ. ವೈವಾಗೆ ಒಬ್ಬ ಹೊರಗಿನೋರನ್ನ ಕೂರಿಸಿ, ದೊಡ್ಡ ಸಿಇಒ ಬೇಡ, ಹತ್ತಿರದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಹತ್ತು ಜನಕ್ಕೆ ಸಂಬಳ ಕೊಡ್ತಿರೋ ವರ್ಕ್‌ಶಾಪ್ ಮಾಲೀಕರು ಸಾಕು.

9. ಮುಂದಕ್ಕೆ ಹೋಗೋ ಮನಸ್ಸಿರೋರಿಗೆ (ವಾರ 12)

15 ಟೀಮಲ್ಲಿ ಒಂದೋ ಎರಡೋ ಟೀಮು ಇದನ್ನ ಬಿಡಲ್ಲ ಅಂತಾರೆ. ಅವರಿಗೆ ಮಾತ್ರ ಇದು. ಫೈನಲ್ ಇಯರ್ ಪ್ರಾಜೆಕ್ಟಿಗೆ ಸಣ್ಣ ಮೊತ್ತದ ಸಹಾಯ ಬೇಕಂದ್ರೆ ಐಐಎಸ್‌ಸಿ ಆವರಣದಲ್ಲಿರೋ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ಸ್ಟೂಡೆಂಟ್ ಪ್ರಾಜೆಕ್ಟ್ ಪ್ರೋಗ್ರಾಂ ಇದೆ, ಕಾಲೇಜ್ ಮೂಲಕ ಅರ್ಜಿ ಹಾಕ್ಬೇಕು. ಬೆಂಗಳೂರಿನ ಆಚೆಗಿನ ಕಾಲೇಜುಗಳಿಗೆ ರಾಜ್ಯ ಸರ್ಕಾರ ನ್ಯೂ ಏಜ್ ಇನ್‌ಕ್ಯುಬೇಷನ್ ನೆಟ್‌ವರ್ಕ್ ಅಂತ ಮಾಡಿತ್ತು, ನಿಮ್ಮ ಜಿಲ್ಲೇಲಿ ಅಂಥ ಸೆಂಟರ್ ಇದೆಯಾ ವಿಚಾರಿಸಿ. ಇನ್‌ಕ್ಯುಬೇಷನ್ ಅಂದ್ರೆ ಎಳೇ ಕಂಪನಿಗೆ ಜಾಗ, ಸಲಹೆ, ಸಲಕರಣೆ ಕೊಟ್ಟು ಕಾಪಾಡೋದು. ಹುಬ್ಬಳ್ಳಿಯಲ್ಲಿ ದೇಶಪಾಂಡೆ ಸ್ಟಾರ್ಟಪ್ಸ್ ಈ ಕೆಲಸ ಮಾಡುತ್ತೆ. ಕಂಪನಿ ನಿಜವಾಗ್ಲೂ ಶುರುವಾದ ಮೇಲೆ ರಾಜ್ಯದ ಎಲಿವೇಟ್ ಯೋಜನೆ ಇದೆ, ಆಯ್ಕೆ ಆದ್ರೆ 50 ಲಕ್ಷದ ತನಕ ಅನುದಾನ. ಅರ್ಜಿ ಕೊನೇ ದಿನಾಂಕ ಪ್ರತಿ ವರ್ಷ ಬದಲಾಗುತ್ತೆ, ವೆಬ್‌ಸೈಟ್ ನೋಡ್ಕೊಳ್ಳಿ.

ಪೇಟೆಂಟ್ ವಿಷಯದಲ್ಲಿ ಒಂದು ತಪ್ಪು ನೋಡಿ ನೋಡಿ ಹೊಟ್ಟೆ ಉರಿಯುತ್ತೆ. ಮೊದ್ಲು ಪೇಪರ್ ಪಬ್ಲಿಷ್ ಮಾಡ್ತಾರೆ, ಯೂಟ್ಯೂಬಿಗೆ ವಿಡಿಯೋ ಹಾಕ್ತಾರೆ, ಆಮೇಲೆ ಪೇಟೆಂಟ್ ಅಂತ ಓಡ್ತಾರೆ. ಬಹಿರಂಗ ಆದ ಮೇಲೆ ಹೊಸತನ ಹೋಗಿಬಿಡುತ್ತೆ, ವಿನಾಯಿತಿ ಇರೋದು ಬಹಳ ಕಡಿಮೆ. ಮೊದ್ಲು ಪ್ರೊವಿಷನಲ್ ಅರ್ಜಿ ಹಾಕ್ಬೇಕು, ಅಂದ್ರೆ ವಿಚಾರದ ಮೇಲೆ ದಿನಾಂಕದ ಮುದ್ರೆ ಒತ್ತಿಸೋ ತಾತ್ಕಾಲಿಕ ಅರ್ಜಿ. ಅಲ್ಲಿಂದ 12 ತಿಂಗಳೊಳಗೆ ಪೂರ್ತಿ ಅರ್ಜಿ. ಆನ್‌ಲೈನಲ್ಲಿ ವ್ಯಕ್ತಿಗಳಿಗೆ ಸಲ್ಲಿಕೆ ಶುಲ್ಕ 1,600 ರೂಪಾಯಿ, ಪರಿಶೀಲನೆ ಶುಲ್ಕ ಬೇರೆ. ಬರೀ ಕಂಪ್ಯೂಟರ್ ಪ್ರೋಗ್ರಾಂಗೆ ಪೇಟೆಂಟ್ ಕಾಯ್ದೆಯ 3(ಕೆ) ಕಲಂ ಪ್ರಕಾರ ಪೇಟೆಂಟ್ ಸಿಗಲ್ಲ, ಆದ್ದರಿಂದ ಆ್ಯಪ್ ಮಾಡಿರೋ ಟೀಮುಗಳು ಏಜೆಂಟರಿಗೆ ದುಡ್ಡು ಕೊಡೋ ಮುಂಚೆ ಇದನ್ನ ಕೇಳ್ಕೊಳ್ಳಲಿ. ಯಾರ ಹೆಸರಲ್ಲಿ ಅರ್ಜಿ, ಕಾಲೇಜಿಗೆ ಎಷ್ಟು ಪಾಲು ಅನ್ನೋದನ್ನ ಮೊದ್ಲೇ ಬರವಣಿಗೆಯಲ್ಲಿ ತಗೊಳ್ಳಿ, ಗೈಡ್ ಹೆಸರು ಸುಮ್ಸುಮ್ನೆ ಸೇರಿಸೋದು ಬೇಡ, ನಿಮ್ಮ ಹೆಸರೂ ಸೇರಿ.

ಕೊನೇ ಕ್ಲಾಸಲ್ಲಿ ಎಲ್ಲ ಟೀಮಿನ ನೋಟ್‌ಬುಕ್ ವಾಪಸ್ ತಗೊಂಡು ಡಿಪಾರ್ಟ್‌ಮೆಂಟಲ್ಲಿ ಒಂದು ಬೀರುವಲ್ಲಿ ಇಡಿ. ಮುಂದಿನ ಬ್ಯಾಚಿಗೆ ಮೊದಲ ವಾರವೇ ಓದೋಕೆ ಕೊಡಿ, ಅರ್ಧಕ್ಕೆ ನಿಂತಿದ್ದನ್ನ ಯಾರಾದ್ರೂ ಎತ್ಕೊಳ್ತಾರೆ. ನಮ್ಮ ರೊಟ್ಟಿ ನೋಟ್‌ಬುಕ್ ಈಗ ಮೂರನೇ ಬ್ಯಾಚಿನ ಕೈಯಲ್ಲಿದೆ. ಅವರು ಒಲೆ ಮೇಲಿನ ಬಿಸಿ ಗಾಳಿ ಎಳ್ಕೊಳ್ಳೋ ತಗಡಿನ ಕಪಾಟು ಮಾಡಿದಾರೆ, ಹೀಟರೇ ಇಲ್ಲ, ಜೂನ್ ಮೊದಲ ವಾರ ಅದನ್ನ ಎರಡು ಮನೆಗೆ ತಿಂಗಳ ಬಾಡಿಗೆಗೆ ಕೊಟ್ಟು ಬರ್ಬೇಕು.